ಕಾಯ ಕಾಯುವ ಕಾರ್ಡು

ಮಂಡಿ ನೋವೆಂದು ಆಸ್ಪತ್ರೆಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಹೆಸರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಎಡಗಾಲೋ ಬಲಗಾಲೋ ಎಂದೂ ಕೇಳಲಿಲ್ಲ. "ಇನ್ಷೂರೆನ್ಸಾ ಸರ್, ಕ್ಯಾಶಾ?" ಎಂದಳು.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ಅವರ ವಕೀಲರ ಅಪಾಯಿಂಟ್‌ಮೆಂಟ್ ಮಾತ್ರ ನನಗೆ ನಾಳೆಯೇ ಸಿಕ್ಕಿಬಿಡುತ್ತದೆ.

ಆ ಪ್ರಶ್ನೆಗೆ ಉತ್ತರ ಕೊಡಲು ನಾನು ಎಂಟು ವರ್ಷದಿಂದ ತಯಾರಾಗಿದ್ದೆ. ಎಂಟು ವರ್ಷದ ಹಿಂದಿನ ಒಂದು ಭಾನುವಾರ ನನ್ನ ಷಡ್ಡಕ ನಮ್ಮ ಮನೆಯಲ್ಲಿ ನಾಲ್ಕು ಒಬ್ಬಟ್ಟು ಬಾರಿಸಿ, ಎಲೆಅಡಿಕೆ ಹಾಕಿಕೊಂಡು, ಚೀಲದಿಂದ ಒಂದು ನುಣುಪಾದ ಪುಸ್ತಿಕೆ ತೆಗೆದಿದ್ದ. "ಭಾವಾ, ಕಾಲ ಕೆಟ್ಟಿದೆ. ಕಾರ್ಡ್ ಇಲ್ಲದವನು ಆಸ್ಪತ್ರೆಗೆ ನೆಂಟ. ಕಾರ್ಡ್ ಇದ್ದವನು ಅಳಿಯ. ಬಾಗಿಲಿಗೇ ಗಾಲಿಕುರ್ಚಿ ತರ್ತಾರೆ. ಡಾಕ್ಟರೇ ಎದ್ದು ಬರ್ತಾರೆ" ಎಂದಿದ್ದ. ಮನೆ ಅಳಿಯನಾಗುವ ಯೋಗ ಮದುವೆಯಲ್ಲಂತೂ ಕೂಡಿಬರಲಿಲ್ಲ, ಆಸ್ಪತ್ರೆಯಲ್ಲಾದರೂ ಆಗೋಣ ಎಂದು ಮೂರು ಲಕ್ಷದ ಪಾಲಿಸಿಗೆ ಸಹಿ ಹಾಕಿದೆ. ಅವತ್ತು ಒಬ್ಬಟ್ಟು ತಿಂದವನು ಅವನು. ಇವತ್ತಿಗೂ ಅರಗಿಸಿಕೊಳ್ಳುತ್ತಿರುವವನು ನಾನು.

ಹಾಗಾಗಿ ಫೋನಿನಲ್ಲಿ ಗಂಟಲು ಸರಿಮಾಡಿಕೊಂಡು "ಇನ್ಷೂರೆನ್ಸು" ಎಂದೆ.

"ಓಪಿಡಿಗೆ ಇನ್ಷೂರೆನ್ಸ್ ಬರಲ್ಲ ಸರ್. ಕನ್ಸಲ್ಟೇಷನ್ ಒಂಬೈನೂರು. ಮುಂದಿನ ತಿಂಗಳು ಹನ್ನೊಂದನೇ ತಾರೀಕು ಸಂಜೆ ನಾಲ್ಕೂವರೆಗೆ ಸ್ಲಾಟ್ ಇದೆ, ಹಾಕ್ಲಾ?"

"ಬರಲ್ಲ ಅಂದಮೇಲೆ ಕೇಳಿದ್ದು ಯಾಕಮ್ಮ?"

"ಅದು ನಾನು ಕೇಳೋದಲ್ಲ ಸರ್. ಸಿಸ್ಟಮ್ ಕೇಳತ್ತೆ."

ಅವತ್ತು ರಾತ್ರಿ ಪಾಲಿಸಿ ಪುಸ್ತಕವನ್ನು ಎಂಟು ವರ್ಷದಲ್ಲಿ ಮೊದಲ ಸಲ ಬಿಚ್ಚಿ ಓದಿದೆ. ಕನ್ನಡದಲ್ಲಿ 'ಕಾಯುವುದು' ಎಂಬ ಸೊಗಸಾದ ಪದವಿದೆ. ದೇವರು ಕಾಯುತ್ತಾನೆ ಎಂದರೆ ಕಾಪಾಡುತ್ತಾನೆ. ಭಕ್ತ ಕಾಯುತ್ತಾನೆ ಎಂದರೆ ಸಾಲಿನಲ್ಲಿ ನಿಂತಿದ್ದಾನೆ. ಹಾಲು ಕಾಯುತ್ತಿದೆ ಎಂದರೆ ಇನ್ನೇನು ಉಕ್ಕುತ್ತದೆ. ವಿಮಾ ಕಂಪನಿಯ ಜಾಹೀರಾತು ಮೊದಲನೆಯ ಅರ್ಥದಲ್ಲಿ ಬರೆದದ್ದು, ಪಾಲಿಸಿ ಪುಸ್ತಕ ಎರಡನೆಯದರಲ್ಲಿ. ಓದಿ ಮುಗಿಸಿದವನು ಮೂರನೆಯ ಅರ್ಥಕ್ಕೆ ಬಂದಿರುತ್ತಾನೆ.

ಯಾಕೆಂದರೆ ಆ ಪುಸ್ತಕದಲ್ಲಿ ಕಾಯಿಲೆಗಳ ಹೆಸರಿಗಿಂತ ಕಾಯುವ ಅವಧಿಗಳ ಹೆಸರೇ ಕಣ್ಣಿಗೆ ರಾಚುತ್ತದೆ. ಪಾಲಿಸಿ ಕೊಂಡ ಮೊದಲ 30 ದಿನ ಏನೂ ಆಗಬಾರದು. ಬಸ್ಸು ಗುದ್ದಿದರೆ ಸರಿ, ಜ್ವರ ಬಂದರೆ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕೀಲು ಬದಲಾವಣೆ ಇಂಥವಕ್ಕೆ ಸಾಮಾನ್ಯವಾಗಿ 24 ತಿಂಗಳು ತಡೆದುಕೊಳ್ಳಬೇಕು. ಪಾಲಿಸಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗಳಿಗೆ 36 ತಿಂಗಳವರೆಗೆ. ಇದು 48 ತಿಂಗಳಿತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ದೊಡ್ಡ ಮನಸ್ಸು ಮಾಡಿ ಒಂದು ವರ್ಷ ಮಾಫಿ ಮಾಡಿತು. ಇಂಗ್ಲೆಂಡಿನಲ್ಲಿ ಸರ್ಕಾರಿ ವ್ಯವಸ್ಥೆ ರೋಗಿಯನ್ನು 18 ವಾರದೊಳಗೆ ತಜ್ಞರ ಚಿಕಿತ್ಸೆಗೆ ಹಚ್ಚಬೇಕೆಂಬ ಗುರಿ ಇಟ್ಟುಕೊಂಡು, ಅದನ್ನು ಮುಟ್ಟಲಾಗದೆ ವರ್ಷಗಟ್ಟಲೆ ಪಾರ್ಲಿಮೆಂಟಿನಲ್ಲೂ ಪತ್ರಿಕೆಗಳಲ್ಲೂ ಉಗಿಸಿಕೊಳ್ಳುತ್ತಿದೆ. ಹುಚ್ಚರು. ಅದೇ ಕಾಯಿಸುವಿಕೆಗೆ ಒಂದು ಹೆಸರಿಟ್ಟು, ಪುಸ್ತಕದಲ್ಲಿ ಅಚ್ಚು ಹಾಕಿಸಿ, ಮುಂಗಡ ಹಣ ವಸೂಲಿ ಮಾಡಿದ್ದರೆ ಯಾರೂ ಉಗಿಯುತ್ತಿರಲಿಲ್ಲ. ನಾವಂತೂ ಕಾಯುವುದಕ್ಕೆ ಶೇಕಡಾ 18 ಜಿಎಸ್‌ಟಿಯನ್ನೂ ಸೇರಿಸಿ ಕಟ್ಟುತ್ತಿದ್ದೆವು. 2025ರ ಸೆಪ್ಟೆಂಬರ್ 22ರಿಂದ ಅದನ್ನು ತೆಗೆದರು. ಈಗ ತೆರಿಗೆಯ ಭಾರವಿಲ್ಲದೆ ಕಾಯಬಹುದು.

ಇನ್ನೊಂದು ಪುಟ ತಿರುಗಿಸಿದೆ. ಆಸ್ಪತ್ರೆ ಸೇರುವುದು ಎಂದರೆ ಸತತ 24 ಗಂಟೆ ಒಳರೋಗಿಯಾಗಿರುವುದು ಎಂದಿತ್ತು. ಡಯಾಲಿಸಿಸ್, ಕೀಮೊಥೆರಪಿ, ಪೊರೆ ತೆಗೆಯುವುದು ಮುಂತಾದ ಒಂದೇ ದಿನದ ಚಿಕಿತ್ಸೆಗಳಿಗೆ ವಿನಾಯಿತಿ. ಉಳಿದವರು ಮಲಗಬೇಕು. ಕೂತ ರೋಗಿಗೆ, ನಿಂತ ರೋಗಿಗೆ, ಕುಂಟುತ್ತ ಓಡಾಡುವ ರೋಗಿಗೆ ವಿಮೆ ಇಲ್ಲ. ಶ್ರೀರಂಗಪಟ್ಟಣದ ರಂಗನಾಥ ಕ್ಲೇಮ್ ಹಾಕಿದರೆ ಕಣ್ಣುಮುಚ್ಚಿ ಮಂಜೂರು, ಯುಗಯುಗಾಂತರದಿಂದ ಮಲಗೇ ಇದ್ದಾನೆ. ಶ್ರವಣಬೆಳಗೊಳದ ಗೊಮ್ಮಟನಿಗೆ ಮಾತ್ರ ಕಷ್ಟ. ಸಾವಿರ ವರ್ಷ ದಾಟಿದರೂ ನಿಂತೇ ಇದ್ದಾನೆ, ಆ ಮಂಡಿ ಎಷ್ಟು ನೋಯುತ್ತಿದೆಯೋ ಯಾರು ಬಲ್ಲರು. ಓಪಿಡಿ ಕೇಸು.

ಷಡ್ಡಕನಿಗೆ ಫೋನ್ ಮಾಡಿದೆ. ಅವನು ಎದೆಗುಂದುವವನಲ್ಲ. "ಅಷ್ಟೇ ತಾನೆ? ಅಡ್ಮಿಟ್ ಆಗ್ಬಿಡಿ ಭಾವಾ. ಒಂದು ರಾತ್ರಿ. ಎಂಆರ್‌ಐ, ರಕ್ತ, ಮೂತ್ರ ಎಲ್ಲ ಒಂದೇ ಏಟಿಗೆ ಆಗೋಗತ್ತೆ" ಎಂದ. ಯೋಚಿಸಿದರೆ ಮಾತಿನಲ್ಲಿ ಹುರುಳಿತ್ತು. ಹೊರರೋಗಿಯಾಗಿ ಹೋದರೆ ಮೂಳೆ ಡಾಕ್ಟರು ಮೂರು ವಾರವಾದ ಮೇಲೆ ನಾಲ್ಕು ನಿಮಿಷ ಸಿಗುತ್ತಾರೆ. ಒಳರೋಗಿಯಾಗಿ ಮಲಗಿದರೆ ಅದೇ ಡಾಕ್ಟರು ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ತಾವಾಗಿ ಮಂಚದ ಬಳಿ ಬಂದು "ಹೇಗಿದ್ದೀರಿ" ಎನ್ನುತ್ತಾರೆ. ಒಂದೊಂದು "ಹೇಗಿದ್ದೀರಿ"ಗೂ ಬಿಲ್ಲಿನಲ್ಲಿ ಒಂದೊಂದು ಸಾಲು ಇರುತ್ತದೆ, ಇರಲಿ, ಕಾರ್ಡು ಇದೆಯಲ್ಲ.

ಆದರೆ ಪುಸ್ತಕ ಬರೆದವನು ನನ್ನ ಷಡ್ಡಕನಂಥವರನ್ನು ಕಂಡೇ ಬರೆದಿದ್ದಾನೆ. ಬರೀ ಪರೀಕ್ಷೆ ಮಾಡಿಸುವ ಸಲುವಾಗಿ ಸೇರಿಕೊಂಡರೆ ಹಣವಿಲ್ಲ ಎಂದು ಅಲ್ಲೇ ಕೆಳಗೆ ಇದೆ. ಈ ಒಕ್ಕಣೆ ಎಲ್ಲ ಕಂಪನಿಗಳದ್ದೂ ಒಂದೇ, ಪ್ರಾಧಿಕಾರವೇ ಬರೆಸಿಕೊಟ್ಟದ್ದು. ಅಂದರೆ, ರೋಗ ಇಂಥದ್ದೆಂದು ಗೊತ್ತಾಗದೆ ಆಸ್ಪತ್ರೆಗೆ ಸೇರುವಂತಿಲ್ಲ. ಗೊತ್ತಾಗಬೇಕಾದರೆ ಡಾಕ್ಟರು ನೋಡಬೇಕು. ಡಾಕ್ಟರು ನೋಡುವುದು ಹನ್ನೊಂದನೇ ತಾರೀಕು, ನಾಲ್ಕೂವರೆಗೆ.

ಅಷ್ಟರಲ್ಲಿ ಅಕ್ಕನ ಮಗ ಮ್ಯೂನಿಕ್‌ನಿಂದ ಫೋನ್ ಮಾಡಿದ. ಅಲ್ಲಿ ಕಾರು ಕಂಪನಿಯಲ್ಲಿದ್ದಾನೆ. ನನ್ನ ಗೋಳು ಕೇಳಿ, "ಮಾವ, ಇಲ್ಲೂ ಫೋನ್ ಎತ್ತಿದ ತಕ್ಷಣ ಅದೇ ಪ್ರಶ್ನೆ. ಕಾಸೆಯಾ, ಪ್ರಿವಾಟಾ?" ಎಂದ. ಕಾಸೆ ಎಂದರೆ ಸಾರ್ವಜನಿಕ ವಿಮಾ ನಿಧಿಯವರು. ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆಂದು ಕಾನೂನು ಮಾಡಿ ಹಾಕಿದ ಅಡಿಪಾಯ. ಇವತ್ತು ಹತ್ತಕ್ಕೆ ಒಂಬತ್ತು ಜನ ಅದರಲ್ಲೇ ಇದ್ದಾರೆ. ಉಳಿದ ಒಬ್ಬ ಪ್ರಿವಾಟ್. ಕಾಸೆಯವನಾದ ಅಕ್ಕನ ಮಗನ ಕೈಯಲ್ಲಿ ತುರಿಕೆ ಎದ್ದು ಚರ್ಮದ ಡಾಕ್ಟರಿಗೆ ಫೋನ್ ಮಾಡಿದರೆ ಮೂರು ತಿಂಗಳಾಚೆಯ ದಿನ ಕೊಟ್ಟರಂತೆ. ಪಕ್ಕದ ಮೇಜಿನ ಪ್ರಿವಾಟ್ ಸಹೋದ್ಯೋಗಿ ಅದೇ ನಂಬರಿಗೆ ಫೋನ್ ಮಾಡಿದರೆ "ಮಂಗಳವಾರ ಬರ್ತೀರಾ?" ಎಂದರಂತೆ. ಹೆಸರಲ್ಲೇ ಕಾಸು ಇದ್ದರೂ ಕಾಯಬೇಕಾದವರು ಕಾಸೆಯವರು. ಅವರ ಕಣ್ಣೊರೆಸಲು 116117 ಎಂಬ ನಂಬರು ಇದೆ, ಅದಕ್ಕೆ ಕರೆ ಮಾಡಿದರೆ ಅಪಾಯಿಂಟ್‌ಮೆಂಟ್ ಹುಡುಕಿಕೊಡುತ್ತಾರೆ. ಡಾಕ್ಟರನ್ನು ಹುಡುಕಲು ಒಂದು ಇಲಾಖೆ.

ನನಗೆ ಅಸೂಯೆಯಾಯಿತು. ತುರಿಕೆಯ ಬಗ್ಗೆಯಲ್ಲ, ವ್ಯವಸ್ಥೆಯ ಬಗ್ಗೆ. ಅಲ್ಲಿ ಖಾಸಗಿ ರೋಗಿಗೆ ಡಾಕ್ಟರು ಹಾಕುವ ಬಿಲ್ಲು ಬೇರೆಯೇ. ಸರ್ಕಾರ ಗೊತ್ತು ಮಾಡಿದ ಮೂಲ ದರವನ್ನು ಸಾಮಾನ್ಯವಾಗಿ 2.3ರಿಂದ ಗುಣಿಸುತ್ತಾರೆ. ಎರಡೂ ಚಿಲ್ಲರೆ ಪಟ್ಟು ಬರುವ ರೋಗಿಗೆ ಮಂಗಳವಾರ ಸಿಗುವುದರಲ್ಲಿ ಆಶ್ಚರ್ಯವೇನು? ಅನ್ಯಾಯವಿರಬಹುದು, ಆದರೆ ಲೆಕ್ಕ ಹಾಕಿ ಮಾಡಿದ ಅನ್ಯಾಯ. ನಮ್ಮಲ್ಲಿ ಇದು ತಿರುಗುಮುರುಗು. ವಿಮಾ ಕಂಪನಿ ಆಸ್ಪತ್ರೆಯ ಹತ್ತಿರ ಸೊಪ್ಪಿನವರ ಹತ್ತಿರ ಮಾಡುವಂತೆ ಚೌಕಾಸಿ ಮಾಡಿ ದರ ಇಳಿಸುತ್ತದೆ. ಇಳಿಸಿದ್ದನ್ನೂ ಸಮಯಕ್ಕೆ ಕೊಡುವುದಿಲ್ಲ ಎಂದು ಆಸ್ಪತ್ರೆಯವರು ಗೊಣಗುತ್ತಾರೆ. ಗಲ್ಲಾದ ಮುಂದೆ ನೋಟು ಎಣಿಸುವವನ ಪಕ್ಕದಲ್ಲಿ ಕಾರ್ಡು ಚಾಚಿಕೊಂಡು ನಿಂತವನು ಅಂಗಡಿಯವನ ಕಣ್ಣಿಗೆ ಹೇಗೆ ಕಾಣಬೇಕೋ ಹಾಗೇ ಕಾಣುತ್ತಾನೆ: ಕಡ ಕೇಳಲು ಬಂದವನ ಹಾಗೆ. ಇವನಿಗೆ ಅಳಿಯನ ಉಪಚಾರ ಯಾರು ಮಾಡುತ್ತಾರೆ?

ಹಾಗಾದರೆ ಕಾರ್ಡಿನಿಂದ ಯಾವುದೂ ಬೇಗ ಆಗುವುದಿಲ್ಲವೇ ಎಂದರೆ, ಆಗುತ್ತದೆ. ಮಂಚ ಬೇಗ ಸಿಗುತ್ತದೆ. ಅದಕ್ಕೆ ನಮ್ಮಾಕೆಯ ಪಿತ್ತಕೋಶದ ಕಲ್ಲೇ ಸಾಕ್ಷಿ.

ಕಳೆದ ವರ್ಷ ಆ ಕಲ್ಲು ತೆಗೆಸಿದೆವು. ಒಳಗೆ ಹೋಗುವಾಗ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು. 2024ರ ಮೇ ತಿಂಗಳಲ್ಲಿ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿದೆ. ಕ್ಯಾಶ್‌ಲೆಸ್‌ಗೆ ಅರ್ಜಿ ಬಂದ ಒಂದು ಗಂಟೆಯೊಳಗೆ ಕಂಪನಿ ಹೌದು ಅಲ್ಲ ಹೇಳಬೇಕು. ಡಿಸ್ಚಾರ್ಜ್ ದಿನ ಅರ್ಜಿ ಬಂದ ಮೂರು ಗಂಟೆಯೊಳಗೆ ಕೊನೆಯ ಒಪ್ಪಿಗೆ ಕೊಡಬೇಕು. ತಡವಾದರೆ ಆಸ್ಪತ್ರೆ ಹಾಕುವ ಹೆಚ್ಚುವರಿ ಖರ್ಚನ್ನು ಕಂಪನಿಯ ಷೇರುದಾರರ ಹಣದಿಂದಲೇ ತುಂಬಬೇಕು. ಓದಿದಾಗ ಕಣ್ಣಲ್ಲಿ ನೀರು ಬಂದಿತ್ತು. ಕಲ್ಲನ್ನೂ ಕರಗಿಸುವ ಸುತ್ತೋಲೆ ಎಂದುಕೊಂಡಿದ್ದೆ.

ಕೋಣೆ ಆರಿಸುವಾಗಲೇ ಮೊದಲನೆಯ ತಪ್ಪು ಮಾಡಿದೆ. ನನ್ನ ಪಾಲಿಸಿಯಲ್ಲಿ ಕೋಣೆಯ ಬಾಡಿಗೆ ವಿಮಾ ಮೊತ್ತದ ಶೇಕಡಾ ಒಂದನ್ನು ಮೀರುವಂತಿಲ್ಲ. ಅಂದರೆ ದಿನಕ್ಕೆ 3,000. ಆ ದರದ ಹಾಸಿಗೆಗಳು ತುಂಬಿದ್ದವು. 6,000ದ್ದು ಖಾಲಿ ಇತ್ತು. ಮೇಲಿನ ಮೂರು ಸಾವಿರ ನಾನು ಕೊಟ್ಟರಾಯಿತು ಎಂದು ಲೆಕ್ಕ ಹಾಕಿದೆ. ನನ್ನದು ಪ್ರೈಮರಿ ಶಾಲೆಯ ಲೆಕ್ಕ. ಕಂಪನಿಯದು ತ್ರೈರಾಶಿ. ಕೋಣೆಯಲ್ಲಿ ಅರ್ಧಕ್ಕೆ ಮಾತ್ರ ಹಕ್ಕಿದ್ದರೆ ಡಾಕ್ಟರ ಫೀಸಿನಲ್ಲೂ ಅರ್ಧ, ಆಪರೇಷನ್ ಥಿಯೇಟರ್ ಬಾಡಿಗೆಯಲ್ಲೂ ಅರ್ಧ. ಇದರಲ್ಲಿ ಆಸ್ಪತ್ರೆಯ ಕೈವಾಡವೂ ಕಮ್ಮಿಯದಲ್ಲ. ಅದೇ ಡಾಕ್ಟರು, ಅದೇ ಕತ್ತರಿ, ಅದೇ ಕಲ್ಲು. ಆದರೆ ನಾಲ್ವರ ವಾರ್ಡಿನಲ್ಲಿ ಮಲಗಿದವಳ ಕಲ್ಲಿಗೊಂದು ದರ, ಒಬ್ಬಳೇ ಮಲಗಿದವಳ ಕಲ್ಲಿಗೆ ಇನ್ನೊಂದು ದರ. ಕಿಟಕಿಯಿಂದ ಮರ ಕಾಣುತ್ತಿದ್ದರೆ ಕಲ್ಲಿನ ತೂಕ ಹೆಚ್ಚುತ್ತದೆ.

ಡಿಸ್ಚಾರ್ಜ್ ದಿನ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ಬಂದು "ಇವತ್ತು ಮನೆಗೆ ಹೋಗಬಹುದಮ್ಮ" ಎಂದರು. ನಮ್ಮಾಕೆ ಒಂಬತ್ತೂ ಹತ್ತಕ್ಕೆ ತಲೆ ಬಾಚಿ, ಸೀರೆ ಉಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಯಲ್ಲಿ ಬಸ್ಸಿಗೆ ಕೂತವಳ ಹಾಗೆ ಕೂತಳು. ಹನ್ನೊಂದಕ್ಕೆ ಉಳಿದ ಮಾತ್ರೆಗಳನ್ನು ಫಾರ್ಮಸಿಗೆ ವಾಪಸ್ ಕೊಟ್ಟು ಬರಲು ಒಬ್ಬ ಹೋದ. ಒಂದು ಗಂಟೆಗೆ ಡಿಸ್ಚಾರ್ಜ್ ಸಮ್ಮರಿ ಟೈಪಾಗುತ್ತಿದೆ ಎಂದು ಸಿಸ್ಟರ್ ಹೇಳಿದರು. ಎರಡಕ್ಕೆ, ಟೈಪಾಗಿದೆ, ಡಾಕ್ಟರ ಸಹಿ ಆಗಬೇಕು. ಬಿಲ್ಲು ಕಂಪನಿಗೆ ಹೋದಾಗ ಎರಡು ನಲವತ್ತು. ಸುತ್ತೋಲೆಯ ಮೂರು ಗಂಟೆ ಶುರುವಾಗುವುದು ಆಗ. ಒಂಬತ್ತರಿಂದ ಎರಡು ನಲವತ್ತರವರೆಗಿನ ಹೊತ್ತು ಯಾರ ಲೆಕ್ಕಕ್ಕೂ ಸೇರಿದ್ದಲ್ಲ, ಗ್ರಹಣದ ಹಾಗೆ ಸುಮ್ಮನೆ ಹಿಡಿದು ಬಿಟ್ಟದ್ದು.

ನಾಲ್ಕೂ ಕಾಲಿಗೆ ವಿಮೆಯ ಕಾಗದಪತ್ರ ನೋಡಿಕೊಳ್ಳುವ ಟಿಪಿಎ ಡೆಸ್ಕಿನ ಹುಡುಗ ಬಂದ. "ಒಂದು ಕ್ವೆರಿ ಬಂದಿದೆ ಸಾರ್. ಈ ಕಲ್ಲು ಯಾವಾಗಿನಿಂದ ಇತ್ತು ಅಂತ ಡಾಕ್ಟರ್ ಲೆಟರ್ ಬೇಕಂತೆ."

ಪಾಲಿಸಿಗೆ ಆಗಲೇ ಏಳು ವರ್ಷ ತುಂಬಿತ್ತು. ಐದು ವರ್ಷ ಕಂತು ಕಟ್ಟಿದ ಮೇಲೆ, ಮೋಸ ಮಾಡಿದ್ದು ಸಾಬೀತಾದರೆ ಹೊರತು, ಹಳೆಯದನ್ನು ಕೆದಕುವಂತಿಲ್ಲ ಎಂದು ನಿಯಮವಿದೆ. ಹೇಳಿದೆ. ಹುಡುಗ ಬಹಳ ವಿನಯವಂತ. "ಕೆದಕ್ತಾ ಇಲ್ಲ ಸಾರ್, ವಿಚಾರಿಸ್ತಾ ಇದ್ದಾರೆ" ಎಂದ.

ಕಲ್ಲಿನ ಜಾತಕ ಬರೆದುಕೊಡಬೇಕಾದ ಡಾಕ್ಟರು ಥಿಯೇಟರಿನಲ್ಲಿದ್ದರು. ನಾನು ಆ ಬಾಗಿಲ ಹೊರಗೆ ನಿಂತೆ. ವಿಮೆ ಮಾಡಿಸಿದ್ದೇ ಡಾಕ್ಟರು ಬೇಗ ಸಿಗಲಿ ಎಂದು. ಈಗ ವಿಮೆಯ ಸಲುವಾಗಿಯೇ ಡಾಕ್ಟರಿಗೆ ಕಾಯುತ್ತಿದ್ದೆ. ಐದೂವರೆಗೆ ಅವರು ಹೊರಬಂದು, ನಡೆಯುತ್ತಲೇ, ಗೋಡೆಗೆ ಕಾಗದ ಒತ್ತಿಕೊಂಡು ಎರಡು ಸಾಲು ಗೀಚಿದರು. ಅದು ಹೋಯಿತು. ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಯಿತು. ಒಪ್ಪಿಗೆ ಬಂದಾಗ ರಾತ್ರಿ ಎಂಟೂ ಇಪ್ಪತ್ತು. ಎರಡನೆಯ ಸಲವೂ ಮೂರು ಗಂಟೆ ಮೀರಿರಲಿಲ್ಲ, ನಿಯಮಕ್ಕೆ ಕೂದಲೂ ಕೊಂಕಿಲ್ಲ. ಷೇರುದಾರರು ನೆಮ್ಮದಿಯಾಗಿ ಊಟ ಮಾಡಿ ಮಲಗಿರಬೇಕು. ಆಸ್ಪತ್ರೆಯವರನ್ನು ಕೇಳಿದರೆ ಕಂಪನಿಯದು ತಡ, ಕಂಪನಿಯನ್ನು ಕೇಳಿದರೆ ಆಸ್ಪತ್ರೆಯದು ತಡ. ಕೂಸು ಮಾತ್ರ ಸೀರೆ ಉಟ್ಟುಕೊಂಡು ಹನ್ನೊಂದು ಗಂಟೆ ಮಂಚದ ತುದಿಯಲ್ಲಿ ಕೂತು ಬಡವಾಗಿತ್ತು.

ಕೆಳಗೆ ಹಣ ಕಟ್ಟಲು ಹೋದಾಗ ಎಮರ್ಜೆನ್ಸಿಯ ಮುಂದೆ ಸ್ಟ್ರೆಚರಿನಲ್ಲಿ ಒಬ್ಬ ಮುದುಕರಿದ್ದರು. ಮಗ ಕೌಂಟರಿನಲ್ಲಿ ಬೇಡಿಕೊಳ್ಳುತ್ತಿದ್ದ. "ಬೆಡ್ ಇಲ್ಲ ಸರ್. ಒಂದು ಡಿಸ್ಚಾರ್ಜ್ ಪೆಂಡಿಂಗ್ ಇದೆ, ಆದ ತಕ್ಷಣ ಕೊಡ್ತೀವಿ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಕಾರ್ಡನ್ನು ಜೇಬಿನೊಳಗೆ ತಳ್ಳಿಕೊಂಡೆ.

ಬಿಲ್ಲಿನಲ್ಲಿ ಕಂಪನಿ ಒಪ್ಪದ ವಸ್ತುಗಳ ಪಟ್ಟಿ ಬೇರೆ. ಇದಕ್ಕೂ ಪ್ರಾಧಿಕಾರದ್ದೇ ಒಂದು ಯಾದಿ ಇದೆ, 68 ಬಾಬತ್ತುಗಳು. ಕೈಗವಸು, ಮಾಸ್ಕು, ಥರ್ಮಾಮೀಟರ್, ಹತ್ತಿ ಸುತ್ತಿದ ಕಡ್ಡಿ, ಕುಡಿಯುವ ಬಾಟಲಿ ನೀರು, ಜೆರಾಕ್ಸ್. ಆಪರೇಷನ್ ಮಂಜೂರು, ಆಪರೇಷನ್ ಮಾಡುವವರ ಕೈಗೆ ಹಾಕುವ ಚೀಲ ನಾಮಂಜೂರು. ಈ ಸಲ ಮಂಡಿ ನೋವು ಬಂದಾಗ ಆ ಯಾದಿಯನ್ನು ಮತ್ತೆ ನೋಡಿದೆ. ಮಂಡಿಗೆ ಕಟ್ಟುವ ಪಟ್ಟಿಯೂ ಅದರಲ್ಲಿದೆ.

ಈಗ ಮಂಡಿಗೆ ಬರೋಣ. ಹನ್ನೊಂದನೇ ತಾರೀಕಿನವರೆಗೆ ಕಾಯಲು ನಮ್ಮಾಕೆ ಬಿಡಲಿಲ್ಲ. ಬೆಳಿಗ್ಗೆ ಹಾಲಿನವನು ಬಂದಾಗ ಬಾಗಿಲಲ್ಲೇ ನಿಂತು ನನ್ನ ಮಂಡಿಯ ವೃತ್ತಾಂತ ಹೇಳಿದಳು. "ಅಲ್ಲೇ ನಮ್ಮ ತಮ್ಮ ವಾರ್ಡ್ ಬಾಯ್ ಅಲ್ವೇನಕ್ಕ, ಮೊದಲೇ ಹೇಳಬಾರದಾ" ಎಂದ ಅವನು. ಗುರುವಾರ ಹತ್ತು ಗಂಟೆಗೆ ನಾನು ಮೂಳೆ ಡಾಕ್ಟರ ಎದುರಿಗೆ ಕೂತಿದ್ದೆ. ಎಂಟು ವರ್ಷ ಕಂತು ಕಟ್ಟಿದ ಮೂರು ಲಕ್ಷದ ಕಾರ್ಡಿನಿಂದ ಆಗದ್ದು ದಿನಕ್ಕೆ ಒಂದು ಲೀಟರ್ ಹಾಲಿನಿಂದ ಆಯಿತು. ನಮ್ಮ ನಾಡಿನಲ್ಲಿ ಪರಿಚಯವೇ ಹಳೆಯ ವಿಮೆ. ಅದಕ್ಕೆ ಕಾಯುವ ಅವಧಿಯಿಲ್ಲ, ಕಂತು ಮಾತ್ರ ಮದುವೆ ಮುಂಜಿಗಳಲ್ಲಿ ಮುಯ್ಯಿಯ ರೂಪದಲ್ಲಿ ಕಟ್ಟುತ್ತಿರಬೇಕು. ತಾಲ್ಲೂಕು ಒಂದೇ ಆದರೆ ಕಾಂಪೌಂಡರು ಟೋಕನ್ ನಂಬರ್ ತಿದ್ದುತ್ತಾನೆ. ಎಮ್ಮೆಲ್ಲೆ ಪಿಎ ಕಡೆಯಿಂದ ಒಂದು ಫೋನ್ ಹೋದರೆ ಟೋಕನ್ನೇ ಬೇಕಿಲ್ಲ.

ದುಡ್ಡಿನ ದಾರಿಯೂ ಇಲ್ಲವೆಂದಲ್ಲ. ಕೆಲವು ಕಡೆ ಸಾಮಾನ್ಯ ಓಪಿಡಿಯ ಮೇಲಿನ ಮಹಡಿಯಲ್ಲಿ ದುಪ್ಪಟ್ಟು ಫೀಸಿನ ಇನ್ನೊಂದು ಓಪಿಡಿ ಇರುತ್ತದೆ, ಸೋಫಾ ಮತ್ತು ಫಿಲ್ಟರ್ ಕಾಫಿ ಸಮೇತ. ಅಲ್ಲೂ ಬೇಕಾದದ್ದು ಕ್ಯಾಶೇ, ಕಾರ್ಡಲ್ಲ. ಅದರ ಗತಿಯೂ ತಿರುಪತಿಯ 300 ರೂಪಾಯಿ ಸಾಲಿನ ಗತಿಯೇ ಆಗುತ್ತಿದೆ. ಎಲ್ಲರೂ ಶೀಘ್ರ ದರ್ಶನಕ್ಕೆ ಹೊರಟರೆ ಶೀಘ್ರದಲ್ಲೂ ಗಂಟೆಗಟ್ಟಲೆ ನಿಲ್ಲಬೇಕು.

ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ಹತ್ತಿರವೂ ಒಂದು ಕಾರ್ಡಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ್ದು, 2018ರಲ್ಲಿ ಶುರುವಾದದ್ದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ನನ್ನದಕ್ಕಿಂತ ಎರಡು ಲಕ್ಷ ಹೆಚ್ಚು ಎಂಬುದನ್ನು ಷಡ್ಡಕನಿಗೆ ನಾನಿನ್ನೂ ಹೇಳಿಲ್ಲ. ಅದರಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಕೇಸುಗಳನ್ನು ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಯಿಂದ 'ನಮ್ಮಲ್ಲಿ ಆಗುವುದಿಲ್ಲ' ಎಂದು ಚೀಟಿ ತರಬೇಕು. ಅವರ ತಂದೆಯ ಎದೆನೋವಿಗೆ ಅವರು ಚೀಟಿಯ ಗೋಜಿಗೆ ಹೋಗಲಿಲ್ಲ. ನಸುಕಿನಲ್ಲೇ ಜಯದೇವ ಆಸ್ಪತ್ರೆಯ ಮುಂದೆ ಹೋಗಿ ನಿಂತರು. ಸಂಜೆಯೊಳಗೆ ಡಾಕ್ಟರು ನೋಡಿ, ಇಸಿಜಿ, ಎಕೋ ಆಗಿ, ಮಾತ್ರೆ ಬರೆದು ಕಳಿಸಿದ್ದರು. ಆ ಕಥೆ ಹೇಳಿ ನನ್ನ ಅಂಗಿ ಮಡಚುತ್ತ, "ನಮ್ಮಂಥೋರು ಹಿಂಗೆ ದಿನವೆಲ್ಲ ನಿಂತ್ಕೋಬೇಕು ಸಾರ್. ನಿಮ್ದು ದುಡ್ಡು ಕಟ್ಟೋ ಕಾರ್ಡು, ಹೋದ್ ತಕ್ಷಣ ಒಳಗೆ ಕರೀತಾರೆ ಅಲ್ವಾ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಒಂದು ದಿನದಲ್ಲಿ ಮುಗಿದ ಅವರ ಕಾಯುವಿಕೆಯ ಮುಂದೆ ನನ್ನ ಹನ್ನೊಂದನೇ ತಾರೀಕನ್ನು ಹೇಳಲು ಬಾಯಿ ಬರಲಿಲ್ಲ. ನಾವು ವರ್ಷಾವರ್ಷ ಕಂತು ಕಟ್ಟಿ ಕೊಳ್ಳುತ್ತಿರುವುದು ಈ ತಲೆಯಾಡಿಸುವ ಹಕ್ಕನ್ನೇ ಇರಬೇಕು.

ಗುರುವಾರ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. "ಸವೆದಿದೆ. ತೂಕ ಇಳಿಸಿ. ಮೆಟ್ಟಿಲು ಹತ್ತಬೇಡಿ. ಇನ್ನೊಂದೆರಡು ವರ್ಷಕ್ಕೆ ಬದಲಾಯಿಸಬೇಕಾಗಬಹುದು. ಇನ್ಷೂರೆನ್ಸ್ ಇದೆ ಅಲ್ವಾ?" ಎಂದರು. ಎಷ್ಟಕ್ಕೆ ಇದೆ ಎಂದು ಕೇಳಿ, ಹುಬ್ಬು ಸ್ವಲ್ಪ ಮೇಲೆ ಮಾಡಿ, ಮುಂದಿನ ಟೋಕನ್ ಕರೆದರು.

ಆ ಹುಬ್ಬಿನ ಸುದ್ದಿ ಷಡ್ಡಕನಿಗೆ ಹೇಗೋ ಮುಟ್ಟಿತು. ಭಾನುವಾರ ಬಂದ. ಈ ಸಲ ಚಿರೋಟಿ. "ಮೂರು ಲಕ್ಷದಲ್ಲಿ ಒಂದು ಮಂಡಿನೂ ಆಗಲ್ಲ ಭಾವಾ, ನಿಮಗೆ ಇರೋದು ಎರಡು. ಹತ್ತಕ್ಕೆ ಏರಿಸಿಬಿಡೋಣ. ಓಪಿಡಿನೂ ಸೇರಿಸ್ತೀನಿ. ಡಾಕ್ಟರೇ ನಿಮಗೆ ಫೋನ್ ಮಾಡ್ತಾರೆ ನೋಡಿ" ಎಂದು ಮೊಬೈಲಿನಲ್ಲಿ ಏನೋ ಒತ್ತಿದ.

ನಂಬುವಿರೋ ಇಲ್ಲವೋ, ಮಾಡಿದರು. ಅವನು ಚಿರೋಟಿಗೆ ಬಾದಾಮಿ ಹಾಲು ಸುರಿದುಕೊಳ್ಳುವಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. "ನಮಸ್ಕಾರ ಸರ್, ನಾನು ಡಾಕ್ಟರ್ ಮಾತಾಡ್ತಿರೋದು. ಬಿಡುವಾಗಿದ್ದೀರಾ? ಇಲ್ಲ ಅಂದ್ರೆ ಯಾವಾಗ ಮಾಡ್ಲಿ?" ನಾನು ಎದ್ದು ನಿಂತೆ, ಮಂಡಿ ಕಟಕ್ ಎಂದಿತು. ನನ್ನ ಜನ್ಮದಲ್ಲಿ ಯಾವ ಡಾಕ್ಟರೂ ನನ್ನ ಬಿಡುವು ಕೇಳಿರಲಿಲ್ಲ.

ಇಪ್ಪತ್ತೈದು ನಿಮಿಷ ಮಾತಾಡಿದರು. ಎಷ್ಟು ತಾಳ್ಮೆ, ಎಂಥಾ ಅಕ್ಕರೆ! ನೋವು ಯಾವಾಗಿನಿಂದ, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಚಕ್ಕಮಕ್ಕಳ ಹಾಕಿ ಕೂರಲು ಆಗುತ್ತದೆಯೇ, ಮೆಟ್ಟಿಲು ಇಳಿಯುವಾಗಲೋ ಹತ್ತುವಾಗಲೋ, ರಾತ್ರಿ ಎಚ್ಚರವಾಗುತ್ತದೆಯೇ, ನಿಮ್ಮ ತಂದೆಗೂ ಇತ್ತೇ. ನನಗೆ ಗಂಟಲು ಕಟ್ಟಿತು. ಮಂಡಿಯದಷ್ಟೇ ಅಲ್ಲ, 2011ರಲ್ಲಿ ಸೊಂಟ ಹಿಡಿದದ್ದು, ಸ್ಕೂಟರಿನಿಂದ ಬಿದ್ದದ್ದು, ಅಪ್ಪ ಕೊನೆಗಾಲದಲ್ಲಿ ಕೋಲು ಹಿಡಿದದ್ದು ಎಲ್ಲವನ್ನೂ ಹೇಳಿಕೊಂಡೆ. ಆ ಕಡೆ ಟಕಟಕ ಟೈಪ್ ಮಾಡುವ ಸದ್ದು. ಷಡ್ಡಕ ಚಿರೋಟಿ ಬಿಟ್ಟು ಕೈಸನ್ನೆ ಮಾಡುತ್ತಿದ್ದ, ಬಾಯಿ ಮುಚ್ಚಿ ಎನ್ನುವಂತೆ. ನಾನು ಆ ಕಡೆ ತಿರುಗಲಿಲ್ಲ.

ಕೊನೆಗೆ ಕೇಳಿದೆ, "ಡಾಕ್ಟ್ರೇ, ಇದಕ್ಕೆ ಏನು ಔಷಧ ತಗೊಳ್ಳಲಿ?"

ಆ ಕಡೆ ಒಂದು ಕ್ಷಣ ಮೌನ. "ಸರ್, ನಾನು ಇನ್ಷೂರೆನ್ಸ್ ಕಂಪನಿ ಡಾಕ್ಟರು. ಔಷಧ ಬರೆಯೋ ಡಾಕ್ಟರಲ್ಲ. ಬರೆದುಕೊಳ್ಳೋ ಡಾಕ್ಟರು."

ಮಾರನೆಯ ದಿನವೇ ಮಿಂಚಂಚೆ ಬಂತು. ಹಳೆಯ ಮೂರು ಲಕ್ಷಕ್ಕೆ ನನ್ನ ಮಂಡಿ ಹಳೆಯ ಗೆಳೆಯ, ತಕರಾರಿಲ್ಲ. ಹೊಸ ಏಳು ಲಕ್ಷಕ್ಕೆ ಮಾತ್ರ ಎರಡೂ ಮಂಡಿ, ಸೊಂಟ ಮತ್ತು ತತ್ಸಂಬಂಧಿ ತೊಂದರೆಗಳಿಗೆ 36 ತಿಂಗಳು ಕಾಯುವ ಅವಧಿ. ಕಂತಿಗೆ ಮೇಲೊಂದಿಷ್ಟು. ನಮ್ಮಾಕೆ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದಳು. ಆಮೇಲೆ ಪೆನ್ನು ಹಿಡಿದು ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮುಂದೆ ನಿಂತು, ಡಿಸೆಂಬರಿನವರೆಗೆ ಹಾಳೆ ಮಗುಚಿ ನೋಡಿದಳು.

"ರೀ, ಇದರಲ್ಲಿ ಅಷ್ಟು ದೂರ ಇಲ್ಲವಲ್ಲ. ಎಲ್ಲಿ ಗುರುತು ಹಾಕಲಿ?" ಎಂದಳು. ಕಡೆಗೆ ಗ್ಯಾಸ್ ಸಿಲಿಂಡರ್ ಬದಲಾಯಿಸಿದ ತಾರೀಕುಗಳನ್ನು ಬರೆದಿಡುವ ಕಪಾಟಿನ ಬಾಗಿಲ ಒಳಮೈಯಲ್ಲಿ, ಸಿಲಿಂಡರುಗಳ ಕೆಳಗೆ, 'ಇವರ ಮಂಡಿ' ಎಂದು ಬರೆದು ಮುಂದೆ ಇಸವಿ ಹಾಕಿದಳು.